ಗಾಲಿಕುರ್ಚಿಯ ಬ್ಯಾಟರಿ ಎಲ್ಲಿ ವ್ಯರ್ಥವಾಗುತ್ತದೆ?

ವಿದ್ಯುತ್ ಗಾಲಿಕುರ್ಚಿ ಒಂದು ಚಾರ್ಜಿಗೆ ಇನ್ನಷ್ಟು ದೂರ ಓಡಬೇಕೆಂದರೆ ದೊಡ್ಡ ಬ್ಯಾಟರಿ ಹಾಕಿಸುವುದೊಂದೇ ದಾರಿ ಎಂದು ಅನೇಕರು ನಂಬಿದ್ದಾರೆ. ತಮ್ಮನ ಕುರ್ಚಿಯನ್ನು ನೋಡಿಕೊಳ್ಳುತ್ತಾ ಬಂದಿರುವ ನಾನು ಮೊದಲು ಪರೀಕ್ಷಿಸುವುದು ಚಕ್ರಗಳನ್ನು. ಮುಂದಿನ ಪುಟ್ಟ ಚಕ್ರಗಳ ಅಚ್ಚಿಗೆ ಕೂದಲು, ನೂಲು, ಧೂಳು ಸುತ್ತಿಕೊಂಡು ಬೇರಿಂಗಿನ ಅಂಚಿನಲ್ಲಿ ಕಪ್ಪು ಉಂಗುರದಂತೆ ಗಟ್ಟಿಯಾಗಿರುತ್ತದೆ. ಅದನ್ನು ಬಿಡಿಸಿ ತೆಗೆದು, ಹಿಂದಿನ ಟೈರುಗಳಿಗೆ ಅವುಗಳ ಬದಿಯಲ್ಲೇ ನಮೂದಿಸಿರುವಷ್ಟು ಗಾಳಿ ತುಂಬಿಸಿದರೆ, ಸಮತಟ್ಟಾದ ನೆಲದಲ್ಲಿ ಮೋಟರಿನ ಹೊರೆ ಇಳಿಯುತ್ತದೆ.

ಏರುದಾರಿಯ ಲೆಕ್ಕವೇ ಬೇರೆ. ಕುರ್ಚಿ ಮತ್ತು ಕುಳಿತವರು ಸೇರಿ 120 ಕಿಲೋ ಇದ್ದರೆ, 12 ಅಡಿಗೆ 1 ಅಡಿ ಏರುವ ರ‍್ಯಾಂಪಿನಲ್ಲಿ ಗುರುತ್ವವೊಂದನ್ನೇ ಮೀರಲು ಸುಮಾರು 98 ನ್ಯೂಟನ್ ಬಲ ಬೇಕು. ನಯವಾದ ನೆಲದಲ್ಲಿ ಉರುಳಲು ಸಾಮಾನ್ಯವಾಗಿ ಅದರ ಕಾಲು ಭಾಗವೂ ಬೇಡ. ಲೆಡ್-ಆಸಿಡ್ ಬ್ಯಾಟರಿಯಿಂದ ಹೆಚ್ಚು ಕರೆಂಟ್ ಎಳೆದಷ್ಟೂ ಅದು ಕೊಡುವ ಒಟ್ಟು ಸಾಮರ್ಥ್ಯ ಕುಗ್ಗುವುದರಿಂದ ಏರಿನ ನಷ್ಟ ಇನ್ನೂ ಹೆಚ್ಚುತ್ತದೆ.

ಮೋಟರಿನ ತಿರುಗುವಿಕೆಯನ್ನು ಚಕ್ರಕ್ಕೆ ದಾಟಿಸಲು ವರ್ಮ್ ಗೇರ್ (ತಿರುಪಿನಂಥ ದಂಡವೊಂದು ಹಲ್ಲಿನ ಚಕ್ರವನ್ನು ತಿರುಗಿಸುವ ಗೇರ್) ಇದ್ದರೆ, ಅದರ ಹಲ್ಲುಗಳು ಪರಸ್ಪರ ಜಾರುತ್ತಾ ಉಜ್ಜುವುದರಿಂದ ಶಕ್ತಿಯ ಗಣನೀಯ ಭಾಗ ಶಾಖವಾಗಿ ಹೋಗುತ್ತದೆ. ಚಕ್ರದ ನಡುವೆಯೇ ಕೂರುವ, ಗೇರಿಲ್ಲದ ಬ್ರಷ್‌ಲೆಸ್ (ಉಜ್ಜುವ ಇಂಗಾಲದ ತುಂಡುಗಳಿಲ್ಲದ) ಹಬ್ ಮೋಟರಿನಲ್ಲಿ ಈ ನಷ್ಟವಿಲ್ಲ. ಆದರೆ ಕಡಿದಾದ ಏರನ್ನು ನಿಧಾನವಾಗಿ ಹತ್ತುವಾಗ ಅದರ ತಾಮ್ರದ ಸುರುಳಿಗಳೇ ಬಿಸಿಯೇರುತ್ತವೆ. ಆದ್ದರಿಂದ ಮೋಟರ್ ಬದಲಿಸುವ ಮುನ್ನ, ಕುರ್ಚಿ ದಿನನಿತ್ಯ ಹತ್ತಬೇಕಾದ ಏರುಗಳನ್ನು ಅಳೆದು ನೋಡಿ ಎಂಬುದು ನನ್ನ ಸಲಹೆ.