ಮಿಕೆಲ್ ಹ್ಯಾನ್ಸನ್ ಯಾಕೆ ದಣಿದ?

ಡೆನ್ಮಾರ್ಕ್‌ನ ಹ್ಯಾಂಡ್‌ಬಾಲ್ ಆಟಗಾರ ಮಿಕೆಲ್ ಹ್ಯಾನ್ಸನ್ ಬಗ್ಗೆ ಬರೆಯುವವರೆಲ್ಲ ಪದಕ ಎಣಿಸುವುದರಿಂದ ಶುರು ಮಾಡುತ್ತಾರೆ. ನಾನು 2023ರ ಮಾರ್ಚ್‌ನಿಂದ ಶುರು ಮಾಡುತ್ತೇನೆ. ಅದಕ್ಕೆ ಎರಡೇ ತಿಂಗಳ ಹಿಂದೆ, ಜನವರಿ ಕೊನೆಯಲ್ಲಿ, ಡೆನ್ಮಾರ್ಕ್ ಸ್ಟಾಕ್‌ಹೋಮ್‌ನಲ್ಲಿ ಫ್ರಾನ್ಸನ್ನು 34–29ರಿಂದ ಸೋಲಿಸಿ ಸತತ ಮೂರನೇ ಸಲ ಹ್ಯಾಂಡ್‌ಬಾಲ್ ವಿಶ್ವಕಪ್ ಎತ್ತಿತ್ತು. ಮೂರೂ ತಂಡಗಳಲ್ಲಿ ಹ್ಯಾನ್ಸನ್ ಇದ್ದ. ಹತ್ತು ವರ್ಷ ಪ್ಯಾರಿಸ್‌ನಲ್ಲಿ ಆಡಿ, ಆಲ್‌ಬೋರ್ಗ್ ಕ್ಲಬ್ ಸೇರಿ ಸ್ವದೇಶಕ್ಕೆ ಮರಳಿದ್ದ. ನೋಡುವವರಿಗೆ ಎಲ್ಲ ಸರಿಯಾಗೇ ಇತ್ತು. ಆಗ ಸುದ್ದಿ ಬಂತು: ಮಾನಸಿಕ ಒತ್ತಡದ ಕಾರಣ ಹ್ಯಾನ್ಸನ್ ರಜೆ ಮೇಲೆ ಹೋಗುತ್ತಿದ್ದಾನೆ. ಮಂಡಿ ನೋವು, ಭುಜಕ್ಕೆ ಏಟು ಅಂತ ಏನಾದರೂ ನೆಪ ಹೇಳಬಹುದಿತ್ತು. ಹೇಳಲಿಲ್ಲ.

ಅವನ ಗೋಲುಗಳಿಗಿಂತ ನನಗೆ ಇದೇ ಜಾಸ್ತಿ ನೆನಪಿರುವುದು.

ಈ ಆಟದ ಕ್ಯಾಲೆಂಡರ್ ಒಮ್ಮೆ ನೋಡಿ. ಯೂರೋಪಿನಲ್ಲಿ ಕ್ಲಬ್ ಸೀಸನ್ ಬೇಸಿಗೆ ಮುಗಿಯುತ್ತಿದ್ದಂತೆ ಶುರುವಾಗಿ ಮುಂದಿನ ಜೂನ್‌ವರೆಗೆ ನಡೆಯುತ್ತದೆ. ದೊಡ್ಡ ಕ್ಲಬ್ ಆದರೆ ದೇಶದ ಲೀಗ್ ಜೊತೆಗೆ ಯೂರೋಪಿನ ದೊಡ್ಡ ಕ್ಲಬ್‌ಗಳ ಚಾಂಪಿಯನ್ಸ್ ಲೀಗ್ ಬೇರೆ. ನಡುವೆ ಜನವರಿಯಲ್ಲಿ ಬಿಡುವು ಸಿಗುತ್ತದೆ ಅಂದುಕೊಂಡರೆ, ಬೆಸ ವರ್ಷಗಳಲ್ಲಿ ವಿಶ್ವಕಪ್, ಸಮ ವರ್ಷಗಳಲ್ಲಿ ಯೂರೋಪಿಯನ್ ಚಾಂಪಿಯನ್‌ಶಿಪ್, ಅಂದರೆ ರಾಷ್ಟ್ರೀಯ ತಂಡದವನಿಗೆ ಯಾವ ಜನವರಿಯೂ ಖಾಲಿ ಇಲ್ಲ. 2023ರಲ್ಲಿ ಡೆನ್ಮಾರ್ಕ್ ಮೂರು ವಾರದೊಳಗೆ 9 ಪಂದ್ಯ ಆಡಿತು. ನಾಲ್ಕು ವರ್ಷಕ್ಕೊಮ್ಮೆ ಬೇಸಿಗೆಯನ್ನೂ ಒಲಿಂಪಿಕ್ಸ್ ನುಂಗುತ್ತದೆ. ಇದನ್ನೆಲ್ಲ ಸುಮಾರು ಹದಿನೈದು ವರ್ಷ ಮಾಡಿದ ಅವನು, ಅದೂ ಲೆಫ್ಟ್ ಬ್ಯಾಕ್ ಜಾಗದಲ್ಲಿ. ಆ ಜಾಗದಲ್ಲಿ ಆಡುವವನ ಕೆಲಸವೇ ದೂರದಿಂದ ಓಡಿ ಬಂದು, ಮೂರು ಹೆಜ್ಜೆಯೊಳಗೆ ಜಿಗಿದು, ಎದುರಿಗೆ ಕೈಯೆತ್ತಿ ನಿಂತ ದೈತ್ಯರ ಮೇಲಿಂದಲೋ ಸಂದಿಯಿಂದಲೋ ಚೆಂಡು ಹೊಡೆಯುವುದು. ಪ್ರತಿ ಸಲವೂ ಯಾರಾದರೂ ಎದೆಗೋ ಕೈಗೋ ಬಡಿದೇ ಬಡಿಯುತ್ತಾರೆ. ಹ್ಯಾನ್ಸನ್ ಸೊಂಟದ ಮಟ್ಟದಿಂದಲೂ ಹೊಡೆಯುತ್ತಿದ್ದ. ಚೆಂಡು ಡಿಫೆಂಡರ್ ಮೈ ಪಕ್ಕದಿಂದ ಹೊರಬಿದ್ದ ಮೇಲೆಯೇ ಗೋಲ್‌ಕೀಪರ್‌ಗೆ ಕಾಣುತ್ತಿತ್ತು, ಅಷ್ಟು ಹೊತ್ತಿಗೆ ಮುಗಿದಿರುತ್ತಿತ್ತು. ಆದರೆ ನನ್ನ ಪ್ರಕಾರ ಅವನ ನಿಜವಾದ ಅಸ್ತ್ರ ಪಾಸ್. ಇಬ್ಬರು ಡಿಫೆಂಡರ್‌ಗಳನ್ನು ತನ್ನ ಕಡೆ ಎಳೆದುಕೊಂಡು, ಗೋಲಿನ ಮುಂದಿನ ಆರು ಮೀಟರ್ ಗೆರೆ ಹತ್ತಿರ, ಡಿಫೆಂಡರ್‌ಗಳ ನಡುವೆ ನಿಂತ ಪಿವಟ್ (ತನ್ನದೇ ತಂಡದ ಆಟಗಾರ) ಕೈಗೆ ಚೆಂಡು ಜಾರಿಸುವುದು. ಯೂಟ್ಯೂಬ್ ತುಣುಕುಗಳಲ್ಲಿ ಇದು ಅಷ್ಟಾಗಿ ಕಾಣುವುದಿಲ್ಲ, ಪೂರ್ತಿ ಪಂದ್ಯ ನೋಡಬೇಕು.

ಹುಟ್ಟಿದ್ದು 1987ರಲ್ಲಿ, ಹೆಲ್ಸಿಂಗೋರ್‌ನಲ್ಲಿ. ಡೆನ್ಮಾರ್ಕ್‌ನದೇ ಜಿಒಜಿ ಕ್ಲಬ್‌ನಲ್ಲಿ ಬೆಳೆದು, 2008ಕ್ಕೆ ಬಾರ್ಸಿಲೋನಾ. ಎರಡು ವರ್ಷಕ್ಕೆ ವಾಪಸ್ ಬಂದು ಸೇರಿದ್ದು ಎಜಿ ಕೋಪನ್‌ಹೇಗನ್. ಈ ಕ್ಲಬ್ ಕಥೆ ಮಾತ್ರ ಹೇಳಲೇಬೇಕು. ಆಭರಣ ವ್ಯಾಪಾರದಲ್ಲಿ ದುಡ್ಡು ಮಾಡಿದ ಒಬ್ಬ ಉದ್ಯಮಿ ಕಟ್ಟಿದ ತಂಡ. ದೊಡ್ಡ ದೊಡ್ಡ ಹೆಸರುಗಳನ್ನು ತಂದರು, 2011ರ ಲೀಗ್ ಫೈನಲನ್ನು ಪಾರ್ಕೆನ್ ಫುಟ್‌ಬಾಲ್ ಸ್ಟೇಡಿಯಂನಲ್ಲಿ ಇಟ್ಟರು, 36,000ಕ್ಕೂ ಜಾಸ್ತಿ ಜನ ಬಂದರು. 2012ರ ಮೇನಲ್ಲಿ ಚಾಂಪಿಯನ್ಸ್ ಲೀಗ್ ಕೊನೆಯ ನಾಲ್ಕರವರೆಗೂ ಹೋದರು. ಜುಲೈ ಕೊನೆಗೆ ಕ್ಲಬ್ ದಿವಾಳಿ! ಹ್ಯಾನ್ಸನ್ ಆಗ ಲಂಡನ್ ಒಲಿಂಪಿಕ್ಸ್‌ನಲ್ಲಿದ್ದ. ಹಿಂದಿನ ವರ್ಷದ ವಿಶ್ವದ ಶ್ರೇಷ್ಠ ಆಟಗಾರನಿಗೆ ಇದ್ದಕ್ಕಿದ್ದಂತೆ ಕ್ಲಬ್ಬೇ ಇಲ್ಲ. ಅದೇ ವರ್ಷ ಕತಾರ್ ಹಣ ಬಂದಿದ್ದ ಪ್ಯಾರಿಸ್ ಸೇಂಟ್ ಜರ್ಮೇನ್ ಅವನನ್ನು ಕರೆದುಕೊಂಡಿತು. ಫ್ರೆಂಚ್ ಲೀಗ್ ಮೇಲಿಂದ ಮೇಲೆ ಗೆದ್ದ, ಚಾಂಪಿಯನ್ಸ್ ಲೀಗ್ ಮಾತ್ರ ಸಿಗಲಿಲ್ಲ. 2017ರ ಫೈನಲ್‌ನಲ್ಲಿ ಮ್ಯಾಸಿಡೋನಿಯಾದ ವಾರ್ದಾರ್ ತಂಡ ಕೊನೇ ಕ್ಷಣದ ಗೋಲಿನಿಂದ 24–23ಕ್ಕೆ ಗೆದ್ದುಕೊಂಡು ಹೋಯಿತು.

ರಾಷ್ಟ್ರೀಯ ತಂಡದ ಕಥೆಯೂ ಮೊದಮೊದಲು ಹೀಗೇ ಇತ್ತು ಅನ್ನುವುದನ್ನು ಈಗ ಎಲ್ಲರೂ ಮರೆತಿದ್ದಾರೆ. 2012ರಲ್ಲಿ ಯೂರೋಪ್ ಕಿರೀಟ ಬಂತು, ಸರಿ. ಆದರೆ 2011ರ ವಿಶ್ವಕಪ್ ಫೈನಲ್‌ನಲ್ಲಿ ಹೆಚ್ಚುವರಿ ಸಮಯದಲ್ಲಿ ಫ್ರಾನ್ಸ್‌ಗೆ ಸೋಲು. 2013ರ ಫೈನಲ್‌ನಲ್ಲಿ ಸ್ಪೇನ್ ವಿರುದ್ಧ 35–19ರ ಸೋಲು, ಫೈನಲ್ ಅಂತ ಹೇಳಲೂ ನಾಚಿಕೆಯಾಗುವಂಥ ಸ್ಕೋರ್. 2014ರಲ್ಲಿ ಸ್ವಂತ ನೆಲದಲ್ಲೇ, ಹೆರ್ನಿಂಗ್‌ನಲ್ಲಿ, ಯೂರೋಪಿಯನ್ ಫೈನಲ್ ಮತ್ತೆ ಫ್ರಾನ್ಸ್ ಕೈಗೆ. ಈ ಆಟದ ನಿಯಮಗಳನ್ನು 1906ರಲ್ಲೇ ಬರೆದಿಟ್ಟ ದೇಶದಲ್ಲಿ, ಉದ್ದ ಕೂದಲಿಗೆ ಪಟ್ಟಿ ಕಟ್ಟಿದ ಈ ಹುಡುಗನನ್ನು ನೋಡಿ ಮಕ್ಕಳೆಲ್ಲ ತಲೆಗೆ ಪಟ್ಟಿ ಕಟ್ಟಿಕೊಳ್ಳುತ್ತಿದ್ದರು, ಅಲ್ವಾ? ಅಂಥ ಕಡೆ ಸೋತು ಮನೆಗೆ ಹೋಗುವುದು ಹೇಗಿರುತ್ತೆ ಅಂತ ಯೋಚಿಸಿ. 2016ರಲ್ಲಿ ರಿಯೋ ಒಲಿಂಪಿಕ್ ಫೈನಲ್‌ನಲ್ಲಿ ಫ್ರಾನ್ಸ್ ವಿರುದ್ಧ 28–26ರಿಂದ ಗೆದ್ದ ಮೇಲೆ ಬಾಗಿಲು ತೆರೆಯಿತು. 2019ರಲ್ಲಿ ಅದೇ ಹೆರ್ನಿಂಗ್‌ನಲ್ಲಿ ನಾರ್ವೆಯನ್ನು 31–22ರಿಂದ ಸೋಲಿಸಿ ಡೆನ್ಮಾರ್ಕ್ ಪುರುಷರ ಮೊದಲ ವಿಶ್ವಕಪ್, ಆ ಟೂರ್ನಿಯಲ್ಲಿ ಹ್ಯಾನ್ಸನ್‌ದೇ 72 ಗೋಲು. ಮುಂದಿನದು ನಿಮಗೆ ಗೊತ್ತೇ ಇದೆ.

2022ರಲ್ಲಿ ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟಿ ಪ್ಯಾರಿಸ್‌ನ ಕೊನೆಯ ಸೀಸನ್ ಅರ್ಧಕ್ಕೇ ನಿಂತಿತ್ತು. ಮರುವರ್ಷವೇ ಈ ಒತ್ತಡದ ರಜೆ. ಇಷ್ಟಾದ ಮೇಲೆ ಕೆಲವರು ಆಟ ಮುಗಿಯಿತು ಅಂದುಕೊಂಡರು. ವಾಪಸ್ ಬಂದ. ಆದರೆ ಬೇರೆ ಥರ ಬಂದ. ಅಷ್ಟರಲ್ಲಿ ರಾಷ್ಟ್ರೀಯ ತಂಡ ಹೊಸ ಪೀಳಿಗೆಯ ಮಥಿಯಾಸ್ ಗಿಡ್ಸೆಲ್ ಸುತ್ತ ತಿರುಗುತ್ತಿತ್ತು, ಹ್ಯಾನ್ಸನ್ ಕಮ್ಮಿ ಹೊತ್ತು ಆಡಿ, ಏಳು ಮೀಟರ್ ಪೆನಾಲ್ಟಿ ಹೊಡೆದು, ಬೆಂಚಿಗೆ ಬಂದು ಕೂರುತ್ತಿದ್ದ. ಮುಖ ಸಪ್ಪೆ ಮಾಡಿದ್ದನ್ನು ನಾನಂತೂ ನೋಡಲಿಲ್ಲ.

2024ರ ಜೂನ್‌ನಲ್ಲಿ ಚಾಂಪಿಯನ್ಸ್ ಲೀಗ್ ಫೈನಲ್‌ಗೆ ಇನ್ನೊಮ್ಮೆ ಹೋದ, ಆಲ್‌ಬೋರ್ಗ್ ಜೊತೆ. ಎದುರಾಳಿ ಅವನ ಹಳೇ ಕ್ಲಬ್ ಬಾರ್ಸಿಲೋನಾ. 31–30. ಮತ್ತೆ ಒಂದೇ ಗೋಲಿನ ಸೋಲು. ಎರಡು ತಿಂಗಳಿಗೆ ಲಿಲ್‌ನಲ್ಲಿ ಒಲಿಂಪಿಕ್ ಫೈನಲ್, ಜರ್ಮನಿ ವಿರುದ್ಧ 39–26. ಎರಡನೇ ಚಿನ್ನ. ಅದೇ ಅವನ ಕೊನೇ ಪಂದ್ಯ.

ಅವನ ಜೊತೆ ಪ್ಯಾರಿಸ್‌ನಲ್ಲಿ ಏಳು ವರ್ಷ ಆಡಿದ ಫ್ರಾನ್ಸ್‌ನ ನಿಕೋಲಾ ಕರಬಾಟಿಚ್ ಕೂಡ ಅದೇ ಒಲಿಂಪಿಕ್ಸ್‌ನಲ್ಲಿ ನಿವೃತ್ತನಾದ. ಇಬ್ಬರಿಗೂ ವಿಶ್ವದ ಶ್ರೇಷ್ಠ ಆಟಗಾರ ಪ್ರಶಸ್ತಿ ಮೂರು ಮೂರು ಸಲ ಬಂದಿದೆ, ಹಾಗಾಗಿ ಯಾರು ದೊಡ್ಡವರು ಅನ್ನುವ ಜಗಳ ಇನ್ನೂ ನಡೆಯುತ್ತಿದೆ. ನಾನು ಹ್ಯಾನ್ಸನ್ ಅಭಿಮಾನಿ, ಆದರೂ ಕರಬಾಟಿಚ್ ಹೆಸರೇ ಹೇಳುತ್ತೇನೆ: ಮೂರು ಬೇರೆ ಬೇರೆ ಕ್ಲಬ್‌ಗಳ ಜೊತೆ ಚಾಂಪಿಯನ್ಸ್ ಲೀಗ್ ಗೆದ್ದಿದ್ದಾನೆ, ಡಿಫೆನ್ಸ್‌ನಲ್ಲೂ ಗೋಡೆ. ಹ್ಯಾನ್ಸನ್ ಡಿಫೆನ್ಸ್ ಹೊತ್ತಿಗೆ ಎಷ್ಟೋ ಸಲ ಹೊರಗೆ ಬಂದುಬಿಡುತ್ತಿದ್ದ. ಆದರೆ ದುಡ್ಡು ಕೊಟ್ಟು ಟಿಕೆಟ್ ತಗೊಂಡು ಒಬ್ಬರ ಆಟ ಮಾತ್ರ ನೋಡು ಅಂದರೆ ಹ್ಯಾನ್ಸನ್‌ದೇ ನೋಡುತ್ತೇನೆ. ಜಗಳಕ್ಕೆ ಬರುವವರು ಬರಬಹುದು.