ಪಾಪುವಿನ ಶ್ವಾಸಕೋಶದಲ್ಲಿ ಗಡ್ಡೆ, ಆಪರೇಷನ್ ಬೇಕಾ?

ಬಸುರಿಯ ಐದನೇ ತಿಂಗಳ ಸ್ಕ್ಯಾನ್‌ನಲ್ಲಿ ಹೊಟ್ಟೆಯಲ್ಲಿರುವ ಪಾಪುವಿನ ಶ್ವಾಸಕೋಶದಲ್ಲಿ ಏನೋ ಗಡ್ಡೆ ಇದೆ ಅಂದರೆ ಎದೆ ಧಸಕ್ಕೆನ್ನುತ್ತದೆ. ನಮಗೂ ಹಾಗೇ ಆಯಿತು. ಆದರೆ ಇಂಥ ಮಕ್ಕಳಲ್ಲಿ ಹೆಚ್ಚಿನವರು ಹುಟ್ಟಿದಾಗ ಆರಾಮಾಗೇ ಉಸಿರಾಡುತ್ತಾರೆ. ಎಕ್ಸ್‌ರೇ ಚೆನ್ನಾಗಿದೆ ಅಂತ ಸುಮ್ನೆ ಕೂರಬೇಡಿ, ಅದರಲ್ಲಿ ಕಾಣದ್ದು ಸಿಟಿ ಸ್ಕ್ಯಾನ್‌ನಲ್ಲಿ ಕಾಣಬಹುದು.

ಉಸಿರಾಟಕ್ಕೆ ಕಷ್ಟವಾದರೆ ಆಪರೇಷನ್ ಬೇಕೇ ಬೇಕು. ತೊಂದರೆಯೇ ಇಲ್ಲದ ಮಗುವಿನ ವಿಷಯದಲ್ಲಿ ಮಾತ್ರ ಡಾಕ್ಟರುಗಳಲ್ಲೇ ಒಮ್ಮತವಿಲ್ಲ: ಮುಂದೆ ಸೋಂಕಾಗಬಹುದು, ಅಪರೂಪಕ್ಕೆ ಕ್ಯಾನ್ಸರೂ ಬರಬಹುದು ಅಂತ ಕೆಲವರು ಮೊದಲ ವರ್ಷದಲ್ಲೇ ಗಡ್ಡೆಯಿರುವ ಲೋಬನ್ನು (ಶ್ವಾಸಕೋಶದ ಆ ಭಾಗವನ್ನು) ತೆಗೆಯುತ್ತಾರೆ, ಕೆಲವರು ಕಾದು ನೋಡುತ್ತಾರೆ. ನನ್ನ ಓಟು ಮೊದಲನೆಯದಕ್ಕೆ. ಸೋಂಕಾದ ಮೇಲೆ ಒಳಗೆಲ್ಲ ಅಂಟಿಕೊಂಡು ಆಪರೇಷನ್ ಜಾಸ್ತಿ ಕಷ್ಟವಾಗುತ್ತದೆ, ಅಲ್ವಾ? ಈಗ ಸಣ್ಣ ತೂತುಗಳಿಂದ ಕ್ಯಾಮೆರಾ ಹಾಕಿಯೂ ಮಾಡುತ್ತಾರೆ. ಬೇಗ ತೆಗೆಯುವುದಕ್ಕೆ ಇನ್ನೊಂದು ಕಾರಣ, ಚಿಕ್ಕ ಮಕ್ಕಳಲ್ಲಿ ಉಳಿದ ಶ್ವಾಸಕೋಶ ಇನ್ನೂ ಬೆಳೆಯುತ್ತಿರುತ್ತದೆ.