ಹಳದಿ ಕಾರ್ಡು

ಪುಣೆಯ ವಾನವಡಿಯ ನಮ್ಮ ಬಿಲ್ಡಿಂಗಿನ ಸುಬೇದಾರ್ ಅಂಕಲ್ ಪೆನ್ಷನ್ ಫೈಲ್ ಬಿಚ್ಚಿದಾಗ ಒಂದು ಹಳದಿ ಪುಸ್ತಿಕೆ ಕೆಳಗೆ ಬಿತ್ತು. ಕಾಂಗೋಗೆ ಶಾಂತಿಪಡೆಯಲ್ಲಿ ಹೋಗುವ ಮುಂಚೆ ಹಾಕಿಸಿಕೊಂಡ ಹಳದಿ ಜ್ವರದ ಲಸಿಕೆಯ ಕಾರ್ಡು. ಸೀಲು ಅರ್ಧ ಅಳಿಸಿದೆ. ಡಾಕ್ಟರ್ ಸಹಿ ಮಾತ್ರ ಕೋಳಿ ಕೆದರಿದ ಹಾಗೆ ಗಟ್ಟಿಯಾಗಿ ಕೂತಿದೆ.

"ನೀವು ಬೇಡ ಅಂದಿದ್ರೆ?" ಅಂತ ಸುಮ್ನೆ ಕೇಳಿದೆ.

"ಬ್ಯಾಡ ಅನ್ನಾಕ ಅದೇನು ಊಟದ ಪಂಕ್ತಿ ಏನ್ರಿ? ಲೈನ್ ಹಚ್ಚಿದ್ರು, ತೋಳು ಏರಿಸಿದ್ವಿ." ಬೆಳಗಾವಿ ಮನುಷ್ಯ, ಅಷ್ಟೇ ಉತ್ತರ.

ಅಮೆರಿಕದಲ್ಲಿ ಇಷ್ಟು ಸಲೀಸಾಗಲಿಲ್ಲ. 2021ರ ಆಗಸ್ಟ್‌ನಲ್ಲಿ ಸೈನಿಕರಿಗೆಲ್ಲ ಕೋವಿಡ್ ಲಸಿಕೆ ಕಡ್ಡಾಯ ಮಾಡಿದರು. ಒಪ್ಪದ 8,000ಕ್ಕೂ ಹೆಚ್ಚು ಜನ ಕೆಲಸ ಕಳೆದುಕೊಂಡರು. 2023ರ ಜನವರಿಯಲ್ಲಿ ಆದೇಶವೇ ರದ್ದು. 2025ರಲ್ಲಿ ಬಾಕಿ ಸಂಬಳದ ಸಮೇತ ವಾಪಸ್ ಬನ್ನಿ ಅಂತ ಕರೆದರು!

ನನಗೆ ಜಾಸ್ತಿ ಕಾಡಿದ್ದು ವಿನಾಯಿತಿಯ ವಿಷಯ. ಧರ್ಮದ ಕಾರಣಕ್ಕೆ ಲಸಿಕೆ ಬೇಡ ಅಂದರೆ, ಸೇನೆಯ ಪಾದ್ರಿ ಎದುರು ಕೂತು ಮಾತಾಡಬೇಕಿತ್ತು. ನಂಬಿಕೆ ನಿಜವೋ ನೆಪವೋ ಅಂತ ಅವರು ಬರೆದು ಕೊಡಬೇಕು. ಸಾವಿರಾರು ಅರ್ಜಿ ಬಂದವು, ಮಂಜೂರಾದದ್ದು ತೀರಾ ಕಡಿಮೆ. ಲಸಿಕೆ ಬೇಕು ಅನ್ನುವ ಪಕ್ಷದವಳೇ ನಾನು. ಬ್ಯಾರಕ್‌ನಲ್ಲಿ ಒಬ್ಬರ ಕೆಮ್ಮು ಎಲ್ಲರದ್ದೂ ಆಗುತ್ತೆ, ಅಲ್ವಾ? ಆದರೂ ಒಬ್ಬರ ಭಕ್ತಿಯನ್ನು ಇನ್ನೊಬ್ಬರು ಅರ್ಧ ಗಂಟೆಯಲ್ಲಿ ಹೇಗೆ ಅಳೆಯೋದು? ನನ್ನನ್ನು ಆ ಕುರ್ಚಿಯಲ್ಲಿ ಕೂರಿಸಿದ್ದರೆ ಎಲ್ಲರಿಗೂ ಸಹಿ ಹಾಕಿ ಕಳಿಸುತ್ತಿದ್ದೆನೇನೋ.